1924ರ ಬೆಳಗಾವಿ: ಮೂರು ಸಭೆಗಳು ಮತ್ತು ಇಸ್ಲಾಮಿನ ಚಿತ್ರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಇಸ್ಲಾಂ ಹೊಸ ಪರಿಚಯವಲ್ಲ. ಹುಕ್ಕೇರಿಯ ಗುಮ್ಮಟಗಳು ಆದಿಲಶಾಹಿ ಕಾಲದವು. ಗೋಕಾಕದ ಹಳೆಯ ಮಸೀದಿ ಹದಿನೆಂಟನೆಯ ಶತಮಾನದ ಸವಣೂರ ನವಾಬರ ಕಾಲಕ್ಕೆ ಸೇರಿದುದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ ಪದಗಳಾಗಿ ಹಾಡುವವರಲ್ಲಿ ಮುಸ್ಲಿಮೇತರರೂ ಅನೇಕರು. ಇಲ್ಲಿ ಇಸ್ಲಾಂ ಅರಸೊತ್ತಿಗೆಯಾಗಿ, ನೆರೆಮನೆಯಾಗಿ, ಹಬ್ಬವಾಗಿ ಪರಿಚಿತವಾಗಿತ್ತು. ಅದು ‘ಸಾರ್ವಜನಿಕ ಅಭಿಪ್ರಾಯ’ದ ವಿಷಯವಾದುದು ಆಧುನಿಕ ಸಂಘಟನೆಗಳ ಕಾಲದಲ್ಲಿ. ಆ ಪ್ರಕ್ರಿಯೆಯನ್ನು ಅರಿಯಲು 1924ರ ಡಿಸೆಂಬರ್ ತಿಂಗಳ ಬೆಳಗಾವಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಡಿಸೆಂಬರ್ 26 ಮತ್ತು 27ರಂದು ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ನಾವೆಲ್ಲರೂ ಬಲ್ಲೆವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅದೇ ದಿನಗಳಲ್ಲಿ ಅದೇ ಊರಿನಲ್ಲಿ ಖಿಲಾಫತ್ ಪರಿಷತ್ತೂ, ಮದನಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಹಿಂದೂ ಮಹಾಸಭೆಯೂ ಸೇರಿದ್ದವೆಂಬುದನ್ನು ನೆನೆಯುವವರು ವಿರಳ.

ಆ ವರ್ಷ ಶಾಂತವಾಗಿರಲಿಲ್ಲ. ಮಾರ್ಚ್ 3ರಂದು ತುರ್ಕಿಯ ರಾಷ್ಟ್ರೀಯ ಸಭೆ ಖಲೀಫ ಪದವಿಯನ್ನೇ ರದ್ದುಗೊಳಿಸಿತ್ತು. ಖಿಲಾಫತ್ ಚಳವಳಿಯ ಮೂಲ ಬೇಡಿಕೆಗೆ ಆಧಾರವೇ ಉಳಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ವಾಯವ್ಯ ಗಡಿನಾಡಿನ ಕೋಹಾಟಿನಲ್ಲಿ ಗಲಭೆ ನಡೆದು ಅಲ್ಲಿಯ ಹಿಂದೂಗಳು ಊರು ತೊರೆದಿದ್ದರು. ಗಾಂಧೀಜಿ ದೆಹಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡಿದ್ದರು. ಹೀಗೆ ಇಸ್ತಾಂಬುಲ್ ಮತ್ತು ಕೋಹಾಟುಗಳ ಪ್ರಶ್ನೆಗಳು ಬೆಳಗಾವಿಯ ಚಪ್ಪರಗಳಿಗೆ ಬಂದಿಳಿದವು.

ಮೂರು ಸಂಘಟನೆಗಳ ಉದ್ದೇಶಗಳು ಭಿನ್ನವಾಗಿದ್ದವು. ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಖಿಲಾಫತ್ ಪರಿಷತ್ತು ಮುಸ್ಲಿಮರನ್ನು ಜಾಗತಿಕ ಸಮುದಾಯವೊಂದರ ಅಂಗವೆಂದು ಕಂಡಿತು. ಮಹಾಸಭೆಗೆ ಇಸ್ಲಾಂ ಹಿಂದೂ ಸಂಘಟನೆಯನ್ನು ಅನಿವಾರ್ಯಗೊಳಿಸುವ ಸವಾಲಾಗಿತ್ತು. ಕಾಂಗ್ರೆಸ್ಸು ಉಭಯರ ಐಕ್ಯವನ್ನು ಬಯಸಿತು. ಆದರೆ ಆ ಐಕ್ಯದ ಕಲ್ಪನೆಯೂ ಎರಡು ಅಖಂಡ ಸಮುದಾಯಗಳ ನಡುವಣ ಒಪ್ಪಂದವಾಗಿತ್ತು. ದ್ವೇಷಿಸುವವರಿಗೂ ಪ್ರೀತಿಸುವವರಿಗೂ ‘ಮುಸ್ಲಿಂ’ ಎಂಬುದು ಒಂದೇ ಅಚ್ಚಿನ ಪದವಾಯಿತು. ರಿವಾಯತ ಹಾಡುವ ಒಕ್ಕಲಿಗನಿಗೆ ಈ ವಿಂಗಡಣೆಯಲ್ಲಿ ಸ್ಥಾನವೆಲ್ಲಿ?

ಮತ್ತೊಂದು ಅಂಶವೂ ಗಮನಾರ್ಹ. ಅಧಿವೇಶನದ ನಗರಕ್ಕೆ ‘ವಿಜಯನಗರ’ ಎಂದು ಹೆಸರಿಟ್ಟಿದ್ದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಪ್ರಕಟವಾದ ತರುವಾಯ ಆ ಹೆಸರು ಕನ್ನಡಿಗರ ಅಭಿಮಾನದ ಮಂತ್ರವಾಗಿತ್ತು. ಆದರೆ 1900ರಲ್ಲಿ ರಾಬರ್ಟ್ ಸಿವೆಲ್ ಅದೇ ಸಾಮ್ರಾಜ್ಯವನ್ನು ಮುಸ್ಲಿಂ ದಂಡಯಾತ್ರೆಗಳಿಗೆ ಒಡ್ಡಿದ ಕೋಟೆಯೆಂದು ಚಿತ್ರಿಸಿದ್ದನು. ಎರಡನೆಯ ದೇವರಾಯನು ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ಅವರಿಗಾಗಿ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಫಿರಿಶ್ತಾ ಬರೆದುದು ಆ ಚಿತ್ರದಲ್ಲಿ ಹಿಂದೆ ಸರಿಯಿತು. ಐಕ್ಯವನ್ನು ಬೋಧಿಸಿದ ವೇದಿಕೆಯ ಹೆಸರೇ ಕೆಲವರ ಕಿವಿಯಲ್ಲಿ ಬೇರೊಂದು ಅರ್ಥವನ್ನು ಧ್ವನಿಸಿರಬಹುದು.

ಈ ಮಾತನ್ನು ಹೊರಗೆ ನಿಂತು ಹೇಳುತ್ತಿಲ್ಲ. ಇದೇ ಜಿಲ್ಲೆಯ ಸ್ತವನಿಧಿಯಲ್ಲಿ 1899ರಲ್ಲಿ ಜೈನ ಸಭೆಯೊಂದು ರೂಪುಗೊಂಡು, ಇಂದು ದಕ್ಷಿಣ ಭಾರತ ಜೈನ ಸಭೆಯಾಗಿದೆ. ಶಿಕ್ಷಣ ಮತ್ತು ಸುಧಾರಣೆಗೆ ಅದು ಸಲ್ಲಿಸಿದ ಸೇವೆ ದೊಡ್ಡದು. ಆದರೂ ಸಭೆಯೆಂಬುದು ತನ್ನವರನ್ನು ಒಗ್ಗೂಡಿಸುವಾಗ ಒಳಗಿನ ವೈವಿಧ್ಯವನ್ನು ಒಂದಿಷ್ಟು ಮರೆಸುತ್ತದೆ. ಅನೇಕಾಂತವನ್ನು ಓದಿದವನು ಇದನ್ನು ಮೊದಲು ತನ್ನ ಮನೆಯಲ್ಲಿಯೇ ಗುರುತಿಸಬೇಕು.

ಆದ್ದರಿಂದ ಸಂಶೋಧಕರಲ್ಲಿ ಒಂದು ವಿನಂತಿ. ಸಭೆಗಳ ವರದಿ, ಠರಾವು, ಅಧ್ಯಕ್ಷ ಭಾಷಣಗಳು ಅಚ್ಚಾಗಿ ಉಳಿದಿವೆ. ಅವುಗಳನ್ನೇ ಜನಾಭಿಪ್ರಾಯವೆಂದು ಉಲ್ಲೇಖಿಸುವುದು ಸುಲಭ. ಅವು ಜನಾಭಿಪ್ರಾಯವನ್ನು ರೂಪಿಸಲು ಹೊರಟವರ ಮಾತುಗಳು. ಅವುಗಳ ಪಕ್ಕದಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ರಿವಾಯತ ಪದಗಳನ್ನು, ದರ್ಗಾಗಳ ಹರಕೆಯ ಕಥೆಗಳನ್ನು ಇರಿಸಿ ಓದಬೇಕು. ಹಾಡುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಪದಗಳನ್ನು ಈಗಲೇ ಬರೆದಿಟ್ಟುಕೊಳ್ಳದಿದ್ದರೆ ಮುಂದಿನವರಿಗೆ ಠರಾವುಗಳಷ್ಟೇ ಆಕರವಾಗಿ ಉಳಿಯುತ್ತವೆ.