ಸ್ಕಿಜೋಫ್ರೇನಿಯ: ರಕ್ತದ ಹಾರ್ಮೋನಿನಲ್ಲಿ ಸೆರೊಟೋನಿನ್ ಸುಳಿವು

ಸ್ಕಿಜೋಫ್ರೇನಿಯ ಎಂದೊಡನೆ ಡೋಪಮೈನಿನ ಹೆಸರು ಕೇಳಿಬರುತ್ತದೆ. ಆದರೆ ಈ ಕಾಯಿಲೆಯ ಚರ್ಚೆಗೆ ಮೊದಲು ಪ್ರವೇಶಿಸಿದ್ದು ಸೆರೊಟೋನಿನ್. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಕ್ತದಿಂದ ಬೇರ್ಪಡಿಸಲಾದ ಈ ರಾಸಾಯನಿಕ 1953ರಲ್ಲಿ ಮಿದುಳಿನಲ್ಲೂ ಪತ್ತೆಯಾಯಿತು. ಭ್ರಾಂತಿ ಹುಟ್ಟಿಸುವ ಎಲ್‌ಎಸ್‌ಡಿಯು ಸೆರೊಟೋನಿನ್ ಕ್ರಿಯೆಗೆ ಅಡ್ಡಿಪಡಿಸುವುದನ್ನು ಆಧರಿಸಿ ವೂಲಿ ಮತ್ತು ಶಾ ಎಂಬ ವಿಜ್ಞಾನಿಗಳು 1954ರಲ್ಲಿ, ಮನೋರೋಗದ ಹಿಂದೆ ಇದರ ಏರುಪೇರು ಇರಬಹುದೆಂದು ಸೂಚಿಸಿದರು. ನಮ್ಮ ಸರ್ಪಗಂಧದ ಬೇರಿನಲ್ಲಿರುವ ರಿಸರ್ಪಿನ್ ಮಿದುಳಿನ ಸೆರೊಟೋನಿನ್ ದಾಸ್ತಾನನ್ನು ಬರಿದುಮಾಡುತ್ತದೆಂಬುದು ಮರುವರ್ಷ ತಿಳಿಯಿತು.

ಜೀವಂತ ಮನುಷ್ಯನ ಮಿದುಳಿನಲ್ಲಿ ಇದನ್ನು ಅಳೆಯುವುದು ಹೇಗೆ? ರಕ್ತಪರೀಕ್ಷೆಯಿಂದ ನೇರವಾಗಿ ಸಾಧ್ಯವಿಲ್ಲ. ದೇಹದ ಸೆರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿಗೆ ದಾಟುವುದೂ ಇಲ್ಲ. ಆದ್ದರಿಂದ ಸಂಶೋಧಕರು ಬಳಸುದಾರಿ ಹಿಡಿದರು. ಫೆನ್‌ಫ್ಲೂರಮಿನ್ ಔಷಧವು ನರತುದಿಗಳಿಂದ ಸೆರೊಟೋನಿನ್ ಬಿಡುಗಡೆ ಮಾಡಿಸುತ್ತದೆ. ಅದು ಹೈಪೊಥಲಾಮಸ್ಸನ್ನು ಕೆಣಕಿದಾಗ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಸ್ರವಿಸುತ್ತದೆ. ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ರಕ್ತ ತೆಗೆದು ಆ ಏರಿಕೆಯನ್ನು ಅಳೆಯುವುದೇ ಪರೀಕ್ಷೆ. ಹೃದಯದ ಕವಾಟಗಳಿಗೆ ಹಾನಿಯಾಗುವುದು ಕಂಡುಬಂದು 1997ರಲ್ಲಿ, ಬೊಜ್ಜಿನ ಮದ್ದಾಗಿದ್ದ ಫೆನ್‌ಫ್ಲೂರಮಿನ್ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಸೆರೊಟೋನಿನ್ ಗ್ರಾಹಕಗಳನ್ನು ನೇರವಾಗಿ ಪ್ರಚೋದಿಸುವ ಎಂಸಿಪಿಪಿ ಎಂಬ ವಸ್ತುವನ್ನೂ ಇಂಥ ಪರೀಕ್ಷೆಗಳಲ್ಲಿ ಬಳಸಲಾಗಿದೆ.

ಫಲಿತಾಂಶಗಳು ಮಾತ್ರ ಒಂದೇ ದಿಕ್ಕಿನಲ್ಲಿಲ್ಲ. ಕೆಲವು ಅಧ್ಯಯನಗಳಲ್ಲಿ ರೋಗಿಗಳ ಪ್ರತಿಕ್ರಿಯೆ ಮಂದ, ಕೆಲವದರಲ್ಲಿ ಆರೋಗ್ಯವಂತರಷ್ಟೇ ಅಥವಾ ಹೆಚ್ಚು. ಇದರಲ್ಲಿ ಅಚ್ಚರಿಯಿಲ್ಲ. ಪ್ರೊಲ್ಯಾಕ್ಟಿನ್‌ಗೆ ಡೋಪಮೈನಿನ ಕಡಿವಾಣವೂ ಉಂಟು. ಹಿಂದೆ ಸೇವಿಸಿದ ಔಷಧ, ಋತುಚಕ್ರದ ದಿನ, ಸೂಜಿಯ ಭಯ ಎಲ್ಲವೂ ಅಂಕಿಯನ್ನು ಅಲುಗಿಸುತ್ತವೆ. ಗಟ್ಟಿಯಾಗಿ ನಿಂತ ಅಂಶವೊಂದಿದೆ: ಕ್ಲೋಜಪಿನ್ ಸೇವಿಸುವವರಲ್ಲಿ ಎಂಸಿಪಿಪಿಗೆ ಹಾರ್ಮೋನುಗಳ ಪ್ರತಿಕ್ರಿಯೆ ಕುಗ್ಗುತ್ತದೆ. ಆ ಔಷಧ ಸೆರೊಟೋನಿನ್ ಗ್ರಾಹಕಗಳನ್ನು ಬಲವಾಗಿ ತಡೆಯುತ್ತದೆಂಬುದಕ್ಕೆ ಇದು ಸಾಕ್ಷಿ. ಒಟ್ಟಿನಲ್ಲಿ ಈ ವಿಧಾನ ಸಂಶೋಧನೆಯ ಸಾಧನವೇ ಹೊರತು ರೋಗನಿರ್ಣಯದ್ದಲ್ಲ. ‘ಸೆರೊಟೋನಿನ್ ಪರೀಕ್ಷೆ’ಯಿಂದ ಸ್ಕಿಜೋಫ್ರೇನಿಯ ಪತ್ತೆಯಾಗುತ್ತದೆಂಬ ಮಾತನ್ನು ನಂಬಿ ಹಣ ತೆರಬೇಕಾಗಿಲ್ಲ.

ರೋಗಿಗೆ ನಿಜಕ್ಕೂ ಬೇಕಾದ ಹಾರ್ಮೋನ್ ಪರೀಕ್ಷೆ ಬೇರೆಯದು. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ಗಳಂಥ ಔಷಧಗಳು ಡೋಪಮೈನನ್ನು ತಡೆದು ಪ್ರೊಲ್ಯಾಕ್ಟಿನ್ ಮಟ್ಟವನ್ನು ಏರಿಸುತ್ತವೆ. ಮುಟ್ಟು ನಿಲ್ಲುವುದು, ಬಾಣಂತಿಯಲ್ಲದವರ ಎದೆಯಲ್ಲಿ ಹಾಲು ಜಿನುಗುವುದು, ಪುರುಷರಲ್ಲಿ ಲೈಂಗಿಕ ನಿರಾಸಕ್ತಿ, ದೀರ್ಘಕಾಲದಲ್ಲಿ ಮೂಳೆ ಸವೆತ ಇದರ ಪರಿಣಾಮಗಳು. ಸಂಕೋಚದಿಂದ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವಿದೆ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ತಗ್ಗಿಸಬಹುದು, ಪ್ರೊಲ್ಯಾಕ್ಟಿನ್ ಅಷ್ಟಾಗಿ ಏರಿಸದ ಕ್ವೆಟಿಯಪಿನ್‌ಗೆ ಬದಲಿಸಬಹುದು ಅಥವಾ ಅದನ್ನು ಇಳಿಸಬಲ್ಲ ಅರಿಪಿಪ್ರಜೋಲ್ ಸೇರಿಸಬಹುದು. ಹೀಗೆ ಬದಲಿಸಿದಾಗ ಮುಟ್ಟಿನೊಂದಿಗೆ ಗರ್ಭಧಾರಣೆಯ ಸಾಧ್ಯತೆಯೂ ಮರಳುವುದರಿಂದ ಆ ಕುರಿತು ಮೊದಲೇ ಕೇಳಿಕೊಳ್ಳುವುದು ಲೇಸು.