ಹಿಮವನ್ನು ಅಳೆದವರ ಕಥೆ



ಈ ಹೊತ್ತು ನಾನು ತಮ್ಮ ಮುಂದೆ ಹೇಳಹೊರಟಿರುವುದು ಗೊಬ್ಬರದ ವಿಷಯವಲ್ಲ, ಬೀಜೋಪಚಾರದ ವಿಷಯವೂ ಅಲ್ಲ, ಹಿಮದ ವಿಷಯ. "ಇದೇನಪ್ಪಾ, ನಮ್ಮ ಸೀಮೆಯಲ್ಲಿ ಕಣ್ಣಿಗೂ ಬೀಳದ ವಸ್ತುವನ್ನು ತಂದು ನಮ್ಮ ಮುಂದೆ ಹರವುತ್ತಾನೆ ಈ ಕೃಷಿ ಇಲಾಖೆಯವನು" ಅಂತ ತಾವು ಅಂದುಕೊಳ್ಳಬಹುದು. ಸ್ವಲ್ಪ ತಾಳಿ. ಹಿಮಕ್ಕೂ ನಮ್ಮ ಹೊಲದ ಮಳೆಗೂ, ನಮ್ಮ ಹಿರಿಯರು ಉಂಡ ಬರಗಾಲಕ್ಕೂ ಒಂದು ನಂಟು ಉಂಟು. ಅಲ್ಲಿಗೆ ಆಮೇಲೆ ಬರೋಣ.

ನಮಗೆ ಗೊತ್ತಿರುವುದು ಇಬ್ಬನಿ, ಮಂಜು, ಬೇಸಿಗೆಯ ಆಲಿಕಲ್ಲು. ಹಿಮ ಇವು ಯಾವುದೂ ಅಲ್ಲ. ಚಳಿಯ ದೇಶಗಳಲ್ಲಿ ಮೋಡದಲ್ಲಿರುವ ನೀರಿನ ಆವಿ ಹನಿಯಾಗದೆ ನೇರವಾಗಿ ಹರಳುಗಟ್ಟಿ, ಹತ್ತಿಯ ಎಸಳಿನಂತೆ ಹಗುರವಾಗಿ ಇಳಿದು ಬರುತ್ತದೆ. ನಿಮ್ಮೂರಿನಲ್ಲಿ ಕಾಶ್ಮೀರದ ಗಡಿ ಕಾಯ್ದು ಬಂದ ಸೈನಿಕರಿದ್ದರೆ ಕೇಳಿ ನೋಡಿ, ಚೆನ್ನಾಗಿ ವರ್ಣಿಸುತ್ತಾರೆ. ಅದನ್ನು ಅಳೆಯುವ ಬಗೆ ಬಹಳ ಸರಳ. ಗಾಳಿಯ ಹೊಡೆತವಿಲ್ಲದ ಬಯಲಿನಲ್ಲಿ ಬಿಳಿಯ ಬಣ್ಣ ಹಚ್ಚಿದ ಒಂದು ಹಲಗೆ ಇಡುತ್ತಾರೆ. ಅದರ ಮೇಲೆ ಬಿದ್ದ ಹಿಮಕ್ಕೆ ಅಳತೆಯ ಕೋಲು ಚುಚ್ಚಿ ಎಷ್ಟು ಇಂಚು ಅಂತ ನೋಡುತ್ತಾರೆ. ಆಮೇಲೆ ಅದನ್ನೇ ಕರಗಿಸಿ ಎಷ್ಟು ನೀರಾಯಿತು ಅಂತ ಬೇರೆ ಅಳೆಯುತ್ತಾರೆ. ಭತ್ತದ ಮೂಟೆಗೂ ಮಂಡಕ್ಕಿಯ ಮೂಟೆಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ? ಹಿಮವೂ ಮಂಡಕ್ಕಿಯ ಹಾಗೆ. ಸಾಧಾರಣವಾಗಿ ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು. ಒದ್ದೆಯ ಹಿಮವಾದರೆ ಹೆಚ್ಚು, ಒಣಗಿದ ಹುಡಿ ಹಿಮವಾದರೆ ಕಡಿಮೆ. ಹಲಗೆಯ ಪಕ್ಕದಲ್ಲಿ ಉಷ್ಣಮಾಪಕವೊಂದನ್ನು ನೆರಳಿನಲ್ಲಿ ತೂಗುಹಾಕಿದರೆ ಆಯಿತು. ಅದಕ್ಕೆ ದೊಡ್ಡ ಕಾಲೇಜು ಓದಬೇಕಾಗಿಲ್ಲ. ತಪ್ಪದೆ ನೋಡುವ ಕಣ್ಣು ಬೇಕು, ಬರೆಯುವ ಕೈ ಬೇಕು.

ಹೀಗೆ ಬರೆದಿಟ್ಟದ್ದರಿಂದ ಏನಾಯಿತು ಎಂಬುದಕ್ಕೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. ಆ ದೇಶದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ಎಂಬ ಪ್ರಾಂತಗಳಿವೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದು ವಾಡಿಕೆ; ಜೂನ್ ಅಂದರೆ ಅವರಿಗೆ ಬೇಸಿಗೆ, ಪೈರು ಏಳುವ ಕಾಲ. 1816ನೆಯ ಇಸವಿಯಲ್ಲಿ ಜೂನ್ 6ರಿಂದ 8ರವರೆಗೆ ಅಲ್ಲಿ ಹಿಮ ಬಿತ್ತು! ಜುಲೈನಲ್ಲಿ, ಆಗಸ್ಟಿನಲ್ಲಿ ಕೂಡ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬಂದು ಮುಸುಕಿನ ಜೋಳದ ಗರಿಗಳು ಕರ್ರಗಾದವು. ಮತ್ತೆ ಬಿತ್ತಿದರು, ಅದೂ ಸುಟ್ಟುಹೋಯಿತು. ಮೇವಿಲ್ಲದೆ ದನಕರು ಮಾರಿದರು. ಎಷ್ಟೋ ಸಂಸಾರಗಳು ಮನೆ ಹೊಲ ಬಿಟ್ಟು ಗಾಡಿ ಕಟ್ಟಿಕೊಂಡು ಪಶ್ಚಿಮದ ಸೀಮೆಗೆ ಗುಳೆ ಹೊರಟವು. ನಮ್ಮವರು ಬರಗಾಲದಲ್ಲಿ ಘಟ್ಟ ಇಳಿದ ಹಾಗೆಯೇ ಅನ್ನಿ.

ಏಕೆ ಹೀಗಾಯಿತು ಅಂತ ಆಗ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಸೂರ್ಯನ ಮೇಲಿನ ಕಲೆಯೇ ಕಾರಣ ಅಂದವರುಂಟು, ದೇವರ ಕೋಪ ಅಂದವರುಂಟು. ಆದರೆ ಒಂದು ಒಳ್ಳೆಯ ಕೆಲಸ ಆಗಿತ್ತು. ಆ ಸೀಮೆಯ ಕೆಲವು ರೈತರು, ಪಾದ್ರಿಗಳು, ಮಾಸ್ತರರು ತಮ್ಮ ದಿನಚರಿಯ ಪುಸ್ತಕದಲ್ಲಿ ಇಂಥ ದಿನ ಹಿಮ, ಇಂಥ ದಿನ ಇಷ್ಟು ಚಳಿ, ಇಂಥ ದಿನ ಜೋಳ ಸತ್ತಿತು ಅಂತ ಬರೆದಿಟ್ಟಿದ್ದರು. ಸುಮಾರು ನೂರು ವರ್ಷ ಕಳೆದ ಮೇಲೆ, 20ನೆಯ ಶತಮಾನದ ಮೊದಲಿನಲ್ಲಿ, ವಿಲಿಯಂ ಹಂಫ್ರೀಸ್ ಎಂಬ ಅಮೆರಿಕದ ಹವಾಮಾನ ವಿಜ್ಞಾನಿ ಆ ಚಳಿಯನ್ನು 1815ರ ಏಪ್ರಿಲ್ ತಿಂಗಳಲ್ಲಿ ನಡೆದ ಒಂದು ಉತ್ಪಾತಕ್ಕೆ ಹೊಂದಿಸಿ ತೋರಿಸಿದರು. ಇಂಡೋನೇಷ್ಯಾದ ತಂಬೋರಾ ಎಂಬ ಜ್ವಾಲಾಮುಖಿ ಆಗ ಸಿಡಿದಿತ್ತು. ಅದರ ಹೊಗೆ ಧೂಳು ಆಕಾಶದ ಮೇಲ್ಪದರಕ್ಕೆ ಏರಿ, ಭೂಮಿಯನ್ನೆಲ್ಲಾ ಸುತ್ತಿ, ಬಿಸಿಲಿಗೆ ತೆಳುವಾದ ಪರದೆ ಕಟ್ಟಿತ್ತು. ಎಲ್ಲಿಯ ಬೆಟ್ಟ, ಎಲ್ಲಿಯ ಜೋಳದ ಹೊಲ! ತಾರೀಖು ಹಾಕಿ ಬರೆದವರು ಇಲ್ಲದಿದ್ದರೆ ಆ ಎರಡನ್ನೂ ಕೂಡಿಸುವುದು ಯಾರಿಂದ ಸಾಧ್ಯವಿತ್ತು?

ಇದೇ ಹಂಫ್ರೀಸರ ಹೆಸರು ಇನ್ನೊಂದು ಪುಸ್ತಕದ ಮೇಲೆಯೂ ಇದೆ. ಆ ಪುಸ್ತಕದಲ್ಲಿ ಅವರ ಜೊತೆಗಾರ ಪಂಡಿತನಲ್ಲ, ಹಸು ಕಟ್ಟಿದ ಒಬ್ಬ ರೈತ. ನನಗೆ ಬಹಳ ಮೆಚ್ಚುಗೆಯಾದ ಮನುಷ್ಯ. ಆತನ ಕಥೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹೆಸರು ವಿಲ್ಸನ್ ಬೆಂಟ್ಲಿ. ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಹಳ್ಳಿಯಲ್ಲಿ 1865ರ ಫೆಬ್ರುವರಿ 9ರಂದು ಹುಟ್ಟಿದವನು. ತಾಯಿ ಮೊದಲು ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಹದಿನಾಲ್ಕು ವರ್ಷದವರೆಗೆ ಮಗನಿಗೆ ಮನೆಯಲ್ಲೇ ಪಾಠ ಹೇಳಿದಳು. ಹುಡುಗನಿಗೆ ಹದಿನೈದಾದಾಗ ಆಕೆ ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಕೊಟ್ಟಳು. ಅದರಡಿಯಲ್ಲಿ ಅವನು ಹಿಮದ ಹರಳನ್ನು ಇಟ್ಟು ನೋಡಿದ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ರಂಗೋಲಿಯಂತೆ ಆರು ಎಳೆಯ ಚಿತ್ತಾರ! ಒಂದರಂತೆ ಇನ್ನೊಂದಿಲ್ಲ. ಕೈಯಿಂದ ಬರೆದುಕೊಳ್ಳೋಣ ಅಂದರೆ ಗೆರೆ ಮುಗಿಯುವುದರೊಳಗೆ ಹರಳು ಕರಗಿ ನೀರು. ಕ್ಯಾಮರಾ ಬೇಕೆಂದು ಹಟ ಹಿಡಿದ. ತಂದೆಗೆ ಇದೆಲ್ಲ ಕೆಲಸಕ್ಕೆ ಬಾರದ ಹುಚ್ಚಾಗಿ ಕಂಡಿತು. ಗೊಬ್ಬರ ಎತ್ತುವುದು ಬಿಟ್ಟು ಮಗ ಹಿಮ ನೋಡುತ್ತ ನಿಂತರೆ ಯಾವ ತಂದೆ ಸುಮ್ಮನಿರುತ್ತಾನೆ? ಆದರೂ ಕೊನೆಗೆ ಹಣ ಹೊಂದಿಸಿ ಕೊಡಿಸಿದ.

1885ರ ಜನವರಿ 15ರಂದು ಬೆಂಟ್ಲಿ ಹಿಮದ ಹರಳಿನ ಮೊದಲನೆಯ ಫೋಟೋ ತೆಗೆದ. ಆಗ ಅವನಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ. ಅವನ ವಿಧಾನ ಕೇಳಿ. ಬೆಂಕಿ ಹಾಕದ, ತಣ್ಣಗಿರುವ ಕೊಟ್ಟಿಗೆಯೇ ಅವನ ಕಾರ್ಯಾಲಯ. ಬೀಳುವ ಹಿಮಕ್ಕೆ ಕರಿಯ ಹಲಗೆ ಒಡ್ಡುವುದು. ಚೆನ್ನಾದ ಹರಳೊಂದನ್ನು ಪೊರಕೆಯ ಕಡ್ಡಿಯಿಂದ ಮೆಲ್ಲಗೆ ಎತ್ತಿ ಗಾಜಿನ ಮೇಲೆ ಇಟ್ಟು, ಹಕ್ಕಿಯ ಗರಿಯಿಂದ ಒತ್ತಿ ಕೂರಿಸುವುದು. ಉಸಿರು ಬಿಟ್ಟರೆ ಕರಗೀತು ಅಂತ ಉಸಿರು ಕಟ್ಟಿ ನಿಲ್ಲುವುದು. ಹೀಗೆ ಜೀವಮಾನದಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟು ಫೋಟೋ ತೆಗೆದ. ಹಾಲು ಕರೆಯುವ ಕೆಲಸ, ಮೇವಿನ ಕೆಲಸ ಒಂದನ್ನೂ ಬಿಡಲಿಲ್ಲ. ದಿನ ದಿನದ ಹವೆಯನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದ. ನೆರೆಹೊರೆಯವರು ನಕ್ಕರು. ನಗಲಿ ಬಿಡಿ.

ಅವನು ಹಿಮದ ಜೊತೆಗೆ ಮಳೆಯನ್ನೂ ಬಿಡಲಿಲ್ಲ. ಮಳೆಹನಿಯ ಗಾತ್ರ ಎಷ್ಟು ಅಂತ ತಿಳಿಯಲು ಏನು ಮಾಡಿದ ಗೊತ್ತೇ? ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಒಂದು ಇಂಚಿನಷ್ಟು ಹರವಿ, ಮಳೆಯಲ್ಲಿ ಕೆಲವು ಕ್ಷಣ ಹಿಡಿದ. ಪ್ರತಿಯೊಂದು ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆಯಾಯಿತು. ಒಣಗಿದ ಮೇಲೆ ಉಂಡೆಗಳನ್ನು ಅಳೆದ. ಎಷ್ಟು ದೊಡ್ಡ ಹನಿಗೆ ಎಷ್ಟು ದೊಡ್ಡ ಉಂಡೆ ಅಂತ ಮೊದಲೇ ಗೊತ್ತಿದ್ದ ಗಾತ್ರದ ಹನಿ ಬಿಟ್ಟು ಪರೀಕ್ಷಿಸಿಕೊಂಡಿದ್ದ. ಅಡುಗೆಮನೆಯ ಹಿಟ್ಟಿನಿಂದ ನಡೆದ ಈ ಶೋಧನೆ 1904ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡ ಹನಿ ನೆಲದ ಮಣ್ಣನ್ನು ಹೇಗೆ ಸಿಡಿಸುತ್ತದೆ, ಇಳಿಜಾರಿನ ಹೊಲ ಹೇಗೆ ಕೊಚ್ಚಿಹೋಗುತ್ತದೆ ಅಂತ ನಾವು ಬದು ಹಾಕಿಸುವಾಗ ಹೇಳುತ್ತೇವಲ್ಲ, ಆ ಶಾಸ್ತ್ರಕ್ಕೂ ಮಳೆಹನಿಯ ಗಾತ್ರದ ಲೆಕ್ಕವೇ ಬೇಕು.

1931ರಲ್ಲಿ ಬೆಂಟ್ಲಿ ಮತ್ತು ಹಂಫ್ರೀಸ್ ಇಬ್ಬರ ಹೆಸರಿನಲ್ಲಿ ಹಿಮದ ಹರಳುಗಳ ದೊಡ್ಡ ಪುಸ್ತಕ ಹೊರಬಂತು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು. ಪುಸ್ತಕ ಬಂದ ಕೆಲವೇ ವಾರಗಳಲ್ಲಿ ಹಿಮಗಾಳಿಯಲ್ಲಿ ಮೈಲಿಗಟ್ಟಲೆ ನಡೆದು ಮನೆಗೆ ಬಂದವನು ನ್ಯುಮೋನಿಯಾ ಹತ್ತಿ, ಡಿಸೆಂಬರ್ 23ರಂದು ತೀರಿಕೊಂಡ. ಹುಟ್ಟಿ ಬೆಳೆದ ಅದೇ ಹೊಲದ ಮನೆಯಲ್ಲಿ.

ಬೆಂಟ್ಲಿಯಂಥವರು ವಿರಳ, ನಿಜ. ಆದರೆ ಬರೀ ಅಳೆದು ಬರೆಯುವವರಿಗೆ ಆ ದೇಶದಲ್ಲಿ ಕೊರತೆಯಿಲ್ಲ. 1890ರ ಕಾನೂನಿನಿಂದ ಅಲ್ಲಿನ ಹವಾಮಾನ ಇಲಾಖೆಯನ್ನು ಕೃಷಿ ಇಲಾಖೆಯ ಕೆಳಗೆ ತಂದರು, ಊರೂರಿನಲ್ಲಿ ಸ್ವಯಂಸೇವಕರ ಏರ್ಪಾಟು ಬಲವಾಯಿತು. ಇಂದಿಗೂ ಸಾವಿರಾರು ಮಂದಿ ಹಿತ್ತಲಿನಲ್ಲಿ ಹಿಮ, ಮಳೆ, ಉಷ್ಣತೆ ಅಳೆದು ಕಳಿಸುತ್ತಾರೆ. ನೆಬ್ರಾಸ್ಕಾ ಪ್ರಾಂತದ ಎಲ್ವುಡ್ ಎಂಬಲ್ಲಿ ಎಡ್ವರ್ಡ್ ಸ್ಟಾಲ್ ಎಂಬಾತ 1905ರಿಂದ 1981ರವರೆಗೆ ಈ ಕೆಲಸ ನಡೆಸಿದ. ಅದೇ ಪ್ರಾಂತದ ರೂಬಿ ಸ್ಟಫ್ಟ್ ಎಂಬ ತಾಯಿ 1991ಕ್ಕೆ 70 ವರ್ಷ ಪೂರೈಸಿದಳು. ಎಪ್ಪತ್ತು ವರ್ಷ! ಮನೆಗೆಲಸದ ನಡುವೆ ಇದೇನು ಸಾಮಾನ್ಯವೇ?

ಇನ್ನು ನಮ್ಮ ಕಡೆಗೆ ಬರೋಣ. 1876ರಲ್ಲಿ ದಕ್ಷಿಣದಲ್ಲಿ ಮುಂಗಾರು ಕೈಕೊಟ್ಟಿತು. ಮಾರನೆಯ ವರ್ಷ ಬರ ಉತ್ತರದ ಸೀಮೆಗೂ ಹಬ್ಬಿತು. ಧಾತು, ಈಶ್ವರ ಸಂವತ್ಸರಗಳ ಬರಗಾಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ; 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷ ಕುಗ್ಗಿತ್ತು. ಊರಿಗೆ ಊರೇ ದೀಪವಿಲ್ಲದಾಯಿತು ಅಂದರೆ ಅತಿಶಯವಲ್ಲ. ಇಂಥ ಕೇಡು ಬರುವುದನ್ನು ಮೊದಲೇ ತಿಳಿಯಲಾದೀತೇ ಎಂಬ ಪ್ರಶ್ನೆ ಆಗ ಸರ್ಕಾರದ ಮುಂದೆ ನಿಂತಿತು.

ಭಾರತದ ಹವಾಮಾನ ಇಲಾಖೆ 1875ರಲ್ಲಷ್ಟೇ ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಹಿಮಾಲಯದ ಕಡೆಯಿಂದ ಬರುತ್ತಿದ್ದ ಹಿಮದ ವರದಿಗಳನ್ನೂ ಬಯಲಿನ ಮಳೆಯ ಲೆಕ್ಕವನ್ನೂ ಎದುರುಬದುರು ಇಟ್ಟು ನೋಡಿದಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಬೆಟ್ಟದಲ್ಲಿ ಹಿಮ ಹೆಚ್ಚಾಗಿ, ತಡವಾಗಿ ಬಿದ್ದ ವರ್ಷ ಮುಂಗಾರು ಬಡವಾಗುವುದುಂಟು. ಕಾರಣ ಇಷ್ಟೇ: ಒದ್ದೆ ಗೋಣಿ ಹೊದಿಸಿದ ಮಡಕೆ ಬಿಸಿಲಿನಲ್ಲೂ ತಣ್ಣಗಿರುತ್ತದೆ. ಹಾಗೆಯೇ ಹಿಮ ಹೊದ್ದ ನೆಲಕ್ಕೆ ಬಿದ್ದ ಬಿಸಿಲಲ್ಲಿ ಒಂದು ಪಾಲು ಬಿಳುಪಿನಿಂದ ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಹಿಮ ಕರಗಿಸುವುದಕ್ಕೇ ಖರ್ಚಾಗುತ್ತದೆ. ನೆಲ ಕಾಯದಿದ್ದರೆ ಸಮುದ್ರದ ತೇವದ ಗಾಳಿಯನ್ನು ಎಳೆದುಕೊಳ್ಳುವ ಕಸುವು ಕಡಿಮೆ. ಇದನ್ನು ಅವರು 1884ರಲ್ಲಿ ಪ್ರಕಟಿಸಿದರು. 1886ರ ಜೂನಿನಲ್ಲಿ ನಮ್ಮ ದೇಶದ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು.

ಹಾಗಂತ ಹಿಮವೊಂದನ್ನೇ ನಂಬಿ ಕೂತರೆ ಕೆಡುತ್ತೇವೆ. 1899ರಲ್ಲಿ ಮಳೆ ಚೆನ್ನಾಗಿ ಆಗುತ್ತದೆಂಬ ಮುನ್ಸೂಚನೆ ಇತ್ತು. ಬಂದದ್ದು ಘೋರವಾದ ಬರ. 1904ರಲ್ಲಿ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ದೂರದೂರದ ದೇಶಗಳ ವಾಯುಭಾರ, ಉಷ್ಣತೆ, ಮಳೆಯ ಹಳೆಯ ಪುಸ್ತಕಗಳನ್ನೆಲ್ಲ ತರಿಸಿ ಲೆಕ್ಕ ಹಾಕಿಸಿದರು. ಪೆಸಿಫಿಕ್ ಸಾಗರದ ಗಾಳಿಯ ಒತ್ತಡ ಏರಿಳಿದರೆ ನಮ್ಮ ಮುಂಗಾರೂ ಏರಿಳಿಯುತ್ತದೆ ಎಂಬುದು ಆಗ ಬೆಳಕಿಗೆ ಬಂತು. ಈಗ ಪತ್ರಿಕೆಯವರು ಎಲ್ ನಿನೊ ಅಂತ ಬರೆಯುತ್ತಾರಲ್ಲ, ಅದರ ಅರ್ಧ ಅದೇ. ಹಿಮವನ್ನು ಈಗ ಉಪಗ್ರಹಗಳು ಮೇಲಿನಿಂದಲೇ ನೋಡುತ್ತವೆ. ಆದರೆ ಉಪಗ್ರಹ ಹಾರುವುದಕ್ಕೆ ಮೊದಲಿನ ವರ್ಷಗಳ ಸುದ್ದಿ ಬೇಕೆಂದರೆ ಹಳೆಯ ದಫ್ತರಗಳನ್ನೇ ತೆಗೆಯಬೇಕು.

ಮೈಸೂರು ಸಂಸ್ಥಾನದಲ್ಲಿಯೂ 1890ರ ದಶಕದಿಂದ ತಾಲ್ಲೂಕು ಕಚೇರಿಗಳ ಮಳೆಯ ಲೆಕ್ಕ ಕೂಡಿಸಿ ವರ್ಷವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಈಗ ಗ್ರಾಮ ಪಂಚಾಯತಿಗಳಲ್ಲಿ ತಾನಾಗಿಯೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳಿವೆ. ಆದರೂ ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಅನ್ನುವ ಹಾಗೆ ಪಂಚಾಯತಿಯ ಹತ್ತಿರ ಬಿದ್ದದ್ದು ನಿಮ್ಮ ಹೊಲದಲ್ಲಿ ಬಿದ್ದಿರಬೇಕೆಂದಿಲ್ಲ. ಭರಣಿ ಬಂತು, ಆರಿದ್ರಾ ಬಂತು ಅಂತ ನಕ್ಷತ್ರದ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿದೆ, ಅದು ಒಳ್ಳೆಯದೇ. ಎಷ್ಟು ಬಂತು ಅಂದರೆ ಮಾತ್ರ "ಹದವಾಗಿ ಬಂತು ಸ್ವಾಮಿ" ಅನ್ನುತ್ತೇವೆ! ಹದ ಅಂದರೆ ಎಷ್ಟು? ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಲೆಕ್ಕ ಗೊತ್ತಿದ್ದರೆ ಬಿತ್ತುವುದೋ, ಇನ್ನೊಂದು ಮಳೆಗೆ ಕಾಯುವುದೋ ನೀವೇ ನಿರ್ಧರಿಸಬಹುದು.

ಮಳೆಮಾಪಕ ಕೊಳ್ಳಲಾರದವರು ಬಾಯಿಯೂ ತಳವೂ ಒಂದೇ ಅಗಲವಿರುವ, ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿ ಅಲುಗಾಡದಂತೆ ಇಡಿ. ಹತ್ತಿರದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರವಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ, ತಾರೀಖಿನ ಮುಂದೆ ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಈ ಕೆಲಸ ವಹಿಸಿದರೆ ಇನ್ನೂ ಚೆನ್ನ. ಮಳೆ ಬಾರದ ದಿನ ಜಾಗ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಜಾತ್ರೆಗೋ ಮದುವೆಗೋ ಹೋಗಿ ನೋಡದೆ ಉಳಿದ ದಿನಕ್ಕೆ ಸೊನ್ನೆ ಹಾಕಬೇಡಿ. "ನೋಡಿಲ್ಲ" ಅಂತಲೇ ಬರೆಯಿರಿ.