ಹಸೆಗೋಡೆಯ ಚಿತ್ತಾರ: ಒಂದು ಚಾರಿತ್ರಿಕ ಅವಲೋಕನ

ಗೋಡೆಯನ್ನು ಬಣ್ಣದಿಂದ ಸಿಂಗರಿಸುವ ಹಂಬಲವು ಮನೆ ಕಟ್ಟುವ ವಿದ್ಯೆಗಿಂತಲೂ ಪ್ರಾಚೀನವಾದುದು. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ ಅಂಗೈಯನ್ನು ಬಂಡೆಗೊತ್ತಿ, ಸುತ್ತಲೂ ಬಣ್ಣ ಸಿಂಪಡಿಸಿ ಮೂಡಿಸಿದ ಹಸ್ತದ ಗುರುತು ಕನಿಷ್ಠ 39,900 ವರ್ಷಗಳಷ್ಟು ಹಳೆಯದೆಂದು 2014ರಲ್ಲಿ ವಿದ್ವಾಂಸರು ನಿರ್ಣಯಿಸಿದರು. ನಮ್ಮ ಹಿರೇಬೆಣಕಲ್ಲಿನ ಬಂಡೆಗಳ ಮೇಲೂ ಕೆಂಗಾವಿಯ ಚಿತ್ರಗಳಿವೆ.

ಕಾಲಾಂತರದಲ್ಲಿ ಈ ಕಲೆಗೆ ಶಾಸ್ತ್ರವೂ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೋಡೆಯನ್ನು ಅಣಿಗೊಳಿಸುವ ಕ್ರಮ, ಎಮ್ಮೆಯ ಚರ್ಮವನ್ನು ಬೇಯಿಸಿ ಪಡೆಯುವ ವಜ್ರಲೇಪ, ದ್ರವವರ್ಣದ ರಸಚಿತ್ರ, ಪುಡಿಯಿಂದ ರಚಿಸುವ ಧೂಳಿಚಿತ್ರ ಇವೆಲ್ಲವೂ ನಿರೂಪಿತವಾಗಿವೆ. ಅರಮನೆಯ ಚಿತ್ರಕ್ಕೆ ಗ್ರಂಥವಿತ್ತು. ಮಣ್ಣಿನ ಮನೆಯ ಚಿತ್ರಕ್ಕೆ ತಾಯಿಯ ಕೈಯೇ ಗ್ರಂಥ.

ಆ ಗ್ರಂಥದ ಅತ್ಯುತ್ತಮ ಪುಟವನ್ನು ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಗಳ ದೀವರ ಮನೆಗಳಲ್ಲಿ ಕಾಣಬಹುದು. ಮದುವೆ ನಿಶ್ಚಯವಾದೊಡನೆ ಒಳಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು, ಕರಕಲಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ನೇರವಾದ ಎಳೆಗಳು ಒಂದನ್ನೊಂದು ಹಾಯ್ದು ಚೌಕಗಳಾಗುತ್ತವೆ; ಅವುಗಳ ನಡುವೆ ದಂಡಿಗೆಯಲ್ಲಿ ವಧೂವರರು, ಭತ್ತದ ತೆನೆ, ಹಕ್ಕಿಗಳು ಮೂಡುತ್ತವೆ. ಹಸೆಯೆಂದರೆ ಮದುವೆಯ ಪೀಠವೆಂಬುದು ‘ಹಸೆಮಣೆ’ ಎಂಬ ಮಾತಿನಿಂದಲೇ ವಿದಿತ. ಆ ಗೋಡೆಯ ಮುಂದೆಯೇ ವಧೂವರರನ್ನು ಕೂರಿಸಿ ಹಾಡುತ್ತಾರೆ. ಆದುದರಿಂದ ಇದು ಬರಿಯ ಅಲಂಕಾರವಲ್ಲ, ಸಂಸ್ಕಾರದ ಒಂದು ಅಂಗ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳ ಮಣ್ಣಿನ ಮನೆಗಳಿಗೂ ಮಳೆಗಾಲ ಕಳೆದ ಮೇಲಿನ ಸಾರಣೆ-ಕಾರಣೆ ಅನಿವಾರ್ಯವಾಗಿತ್ತು. ತಿಂಗಳುಗಟ್ಟಲೆ ಸುರಿದ ಮಳೆಗೆ ಬಣ್ಣಗೆಟ್ಟ ಗೋಡೆಗೆ ಹಬ್ಬವು ಹೊಸ ಕಳೆ ತರುತ್ತಿತ್ತು. ದೀಪಾವಳಿಯಲ್ಲಿ ಕೆಮ್ಮಣ್ಣು, ಶೇಡಿಮಣ್ಣುಗಳಲ್ಲಿ ಅದ್ದಿದ ಸಿದ್ದೆಯಿಂದ ದನಗಳ ಮೈಮೇಲೆ ವೃತ್ತಗಳನ್ನು ಒತ್ತುವ ಮಲೆನಾಡಿನ ಪದ್ಧತಿಯೂ ಇದೇ ಮಣ್ಣಿನ ಭಾಷೆ.

ಮಣ್ಣಿನ ಗೋಡೆ ವರ್ಷಕ್ಕೊಮ್ಮೆ ಮಾಸುತ್ತಿದ್ದುದರಿಂದಲೇ ಮಗಳು ತಾಯಿಯ ಪಕ್ಕದಲ್ಲಿ ನಿಂತು ಮತ್ತೆ ಬರೆಯಬೇಕಾಗುತ್ತಿತ್ತು. ಅಳಿಯುವ ಗೋಡೆಯೇ ಕಲೆಯನ್ನು ಉಳಿಸಿತ್ತು. ಸಿಮೆಂಟಿನ ಗೋಡೆ ಮಾಸದು, ಪುನಃ ಬರೆಯುವ ಅವಕಾಶವನ್ನೂ ಕೊಡದು. ಇಂದು ಚಿತ್ತಾರವು ಕಾಗದ, ಬಟ್ಟೆಗಳ ಮೇಲೆ ಮೂಡಿ, ಚೌಕಟ್ಟಿನೊಳಗೆ ಕುಳಿತು ದೂರದ ನಗರಗಳಿಗೆ ಹೋಗುತ್ತಿದೆ. ಕಲಾವಿದೆಗೆ ನಾಲ್ಕು ಕಾಸು ದೊರೆಯುವುದಾದರೆ ಅದು ಸಂತೋಷವೇ. ಆದರೆ ಮಾರಾಟದ ಹಸೆಯ ಮುಂದೆ ಯಾರೂ ಮದುಮಗಳನ್ನು ಕೂರಿಸಿ ಹಾಡುವುದಿಲ್ಲ.

ಹಸೆ ಬರೆಯಬಲ್ಲ ಅಜ್ಜಿಯಂದಿರು ಇರುವ ಮನೆಗಳವರು ಮುಂದಿನ ಮದುವೆಗೆ ಒಂದು ಗೋಡೆಯನ್ನಾದರೂ ಅವರಿಗೆ ಬಿಟ್ಟುಕೊಡಲಿ. ಮೊಮ್ಮಕ್ಕಳ ಕೈಗೆ ಪುಂಡಿನಾರು ಬರಲಿ. ಸೋಮೇಶ್ವರನ ಹೆಸರನ್ನು ಗ್ರಂಥ ಉಳಿಸಿತು. ಈ ತಾಯಂದಿರ ಹೆಸರನ್ನು ಮನೆಯವರೇ ಬರೆದಿಡಬೇಕು.